ಐದು ಸಾವಿರದ ನಲವತ್ತೊಂದು ಎಳೆ

ಜಮಖಂಡಿಯ ಹೈಸ್ಕೂಲಿನಲ್ಲಿ ವರ್ಗಸಂಖ್ಯೆ ಹೇಳಿಕೊಡುತ್ತಿದ್ದ ಸಂಧ್ಯಾ ಟೀಚರ್, ಎಪ್ಪತ್ತೊಂದರ ವರ್ಗ ಬರೆದವಳು ಚಾಕ್‌ಪೀಸು ಹಿಡಿದುಕೊಂಡೇ ನಿಂತುಬಿಟ್ಟಳು. 5041. ಅವಳ ತವರಿನ ಸಂಖ್ಯೆ ಅದು.

ಅಪ್ಪ ಈರಪ್ಪ ಬನಹಟ್ಟಿಯಲ್ಲಿ ಕೈಮಗ್ಗ ನಡೆಸಿದವನು. ಅವನ ಸೀರೆಯ ಹಾಸಿನಲ್ಲಿ ಉದ್ದನೆಯ ಎಳೆಗಳು 5040. ಎರಡರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದ ಸಾಧು ಸಂಖ್ಯೆ. ಮದುವೆ ಸೀರೆಗೆ ಮಾತ್ರ ಅಷ್ಟು ಸಾಧುತನ ಆಗದು ಎಂಬುದು ಅವನ ಹಟ. ಗಂಡ ಹೆಂಡತಿ ಪಾಲಾಗಬಾರದು, ಹಾಗಾಗಿ ಎಳೆಗಳೂ ಯಾವ ಲೆಕ್ಕಕ್ಕೂ ಪಾಲಾಗಬಾರದು. ಓಣಿಯವರು ನಕ್ಕರೂ ಅವನು ಜಗ್ಗಲಿಲ್ಲ.

ಅಕ್ಕ ಇಂದ್ರವ್ವನ ಮದುವೆಗೆ ಒಂದು ಎಳೆ ಹೆಚ್ಚಿಗೆ ಹಾಕುವುದೆಂದಾಗ, ಪರೀಕ್ಷಿಸುವ ಕೆಲಸ ಬಿದ್ದದ್ದು ಎಂಟನೆಯ ತರಗತಿಯ ಸಂಧ್ಯಾಳಿಗೆ. ಮಗ್ಗದ ಪಕ್ಕ ಕೂತು, ನೆಲದ ಮೇಲೆ ಬರೆದು ಭಾಗಿಸಿದ್ದೇ ಭಾಗಿಸಿದ್ದು. ಮೂರು, ಏಳು, ಹದಿಮೂರು... ಅರವತ್ತೇಳರವರೆಗೂ ಶೇಷ ಉಳಿಯಿತು. ಅಷ್ಟರಲ್ಲಿ ಅವ್ವ ರೊಟ್ಟಿಗೆ ಕರೆದಳು. "ಅವಿಭಾಜ್ಯ ಐತಪ್ಪಾ," ಎಂದು ಸಂಧ್ಯಾ ಎದ್ದೇಬಿಟ್ಟಳು. ಅಪ್ಪ ಲಾಳಿ ಬಿಟ್ಟು ಅವಳ ಬೆನ್ನು ತಟ್ಟಿದ್ದ. ನೂಲಿಗೆ ಹಚ್ಚಿದ ಆ ಗಂಜಿಯ ವಾಸನೆ, ಆ ಒರಟು ಅಂಗೈ, ಒಳಗಿನಿಂದ ಅವ್ವನ ಕೂಗು. ಅವಳು ಗಣಿತ ಹಿಡಿದದ್ದೇ ಆ ಸಂಜೆಯ ಆಸೆಗೆ. ಇನ್ನೊಂದೇ ಒಂದು ಅವಿಭಾಜ್ಯ ಸಂಖ್ಯೆ, ಎಪ್ಪತ್ತೊಂದನ್ನು, ನೋಡಿದ್ದರೆ ಗುಟ್ಟು ಅಂದೇ ರಟ್ಟಾಗುತ್ತಿತ್ತು.

ಈಗ ಅದೇ ಸೀರೆಯನ್ನು ನಾಳೆ ಇಂದ್ರವ್ವನ ಮಗಳು ಅಕ್ಷತಾ ಉಟ್ಟು ಮದುವೆಗೆ ನಿಲ್ಲಬೇಕಿತ್ತು. ಪಾಲಾಗದ ಸೀರೆ ಎಂದು ಈರಪ್ಪ ಬೀಗರ ಮುಂದೆ ಕೊಚ್ಚಿಕೊಂಡಿದ್ದೂ ಆಗಿತ್ತು. ಹೇಳಿದರೆ ಮುದುಕ ಸೀರೆಯನ್ನೇ ಪೆಟ್ಟಿಗೆಗೆ ಹಾಕಿ ಕೂತಾನು. ಹೇಳದಿದ್ದರೆ ಇಷ್ಟು ವರ್ಷ ತನ್ನನ್ನು ನಂಬಿದವನಿಗೆ ಮೋಸ. ಬಸ್ಸಿಳಿದು ತವರಿನ ಕಟ್ಟೆ ಹತ್ತುವಾಗಲೂ ಅದು ತೀರ್ಮಾನವಾಗಿರಲಿಲ್ಲ.

ಈರಪ್ಪ ಸೀರೆ ಮಡಚುತ್ತಿದ್ದ.

"ಅಪ್ಪಾ, ಅವತ್ತ ನಾ ತಪ್ಪ ಹೇಳೀನಿ. ಆ ಸಂಖ್ಯಾ ಪಾಲ ಆಗತೈತಿ."

ಅವನ ಕೈ ನಿಂತಿತು. "ಎರಡಕ್ಕ?"

"ಇಲ್ಲ. ಎಪ್ಪತ್ತೊಂದಕ್ಕ."

"ಮತ್ತ್ಯಾವುದಕ್ಕ?"

"ಮತ್ತ್ಯಾವುದಕ್ಕೂ ಇಲ್ಲ. ಎಪ್ಪತ್ತೊಂದು ಪಾಲು, ಒಂದೊಂದರಾಗ ಎಪ್ಪತ್ತೊಂದು ಎಳಿ."

ಮುದುಕ ಸೀರೆಯ ಅಂಚನ್ನು ಬೆರಳಲ್ಲಿ ಸವರಿದ. ಸಂಧ್ಯಾಳಿಗೆ ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

"ಜಗಳಕ್ಕ ಇಬ್ಬರ ಸಾಕಲ್ಲಬೇ, ಇದು ಇಬ್ಬರಿಗೆ ಪಾಲ ಆಗೂದಿಲ್ಲ," ಎಂದ ಕೊನೆಗೆ. "ಎಪ್ಪತ್ತೊಂದು ಮಂದಿ ಕೂಡಿ, ಒಬ್ಬರಿಗೂ ಹೆಚ್ಚುಕಮ್ಮಿ ಇಲ್ಲದಂಗ ಹಂಚ್ಕೊಂಡ್ರ ಅದು ಮದವಿ ಊಟ. ಒಯ್ದು ಅಕ್ಷತಾಗ ಕೊಡು."

ಸೀರೆ ಅವಳ ಮಡಿಲಿಗೆ ಬಂತು. ಆದರೂ ಅವಳು ಏಳಲಿಲ್ಲ. "ಇನ್ನೊಂದ ನೋಡಿದ್ರ ಸಿಗತಿತ್ತಪ್ಪಾ. ನಾ ನಡುವ ಎದ್ದ ಹೋದೆ."

ಈರಪ್ಪ ಕೂತಲ್ಲಿಂದಲೇ ಬಾಗಿಲಿನಾಚೆ ಒಳಗೆ ನೋಡಿದ. ಅಡುಗೆಮನೆಯಲ್ಲಿ ಈಗ ಬಾಡಿಗೆಯ ಅಡುಗೆಯವರು. ಅವ್ವ ಹೋಗಿ ವರ್ಷಗಳಾದವು.

"ಆಕಿ ಕರದಿದ್ದಳಲ್ಲ," ಎಂದ. ಅವನ ಅಂಗೈ ಮಗಳ ಬೆನ್ನ ಮೇಲೆ ಬಿತ್ತು. "ಈಗ ಕರದ್ರ ನಾನೂ ಲೆಕ್ಕಾ ಬಿಟ್ಟ ಎದ್ದ ಹೋಗತೇನಿ."