ಕೊಕ್ಕಿಲ್ಲದ ಹುಂಜ

ಅವತ್ತು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮನೆ ಹಿಂದಿನ ಸಮಾಧಿ ದಿಬ್ಬವೇ ಕಾಣದೆ, ತ್ಸುನೆಯೋ ಅಜ್ಜಿ ಅಂದಾಜಿನ ಮೇಲೆ ಅದರ ಬುಡದಲ್ಲಿ ಚಹಾ ಇಟ್ಟು ಕೈಮುಗಿದಳು. ಒಳಗೆ ಮಲಗಿದ ಒಡೆಯನ ಹೆಸರು ಯಾರಿಗೂ ಗೊತ್ತಿಲ್ಲ. ಅಜ್ಜಿಯ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರೂ ಈ ದಿಬ್ಬ ಗುಡಿಸುತ್ತಲೇ ಮುದುಕಿಯರಾದವರು.

"ಇವತ್ತು ತರ್ತೀನಿ ಒಡೆಯಾ," ಎಂದು ಹೇಳಿ ಮ್ಯೂಸಿಯಮ್ಮಿನ ದಾರಿ ಹಿಡಿದಳು.

ಮೂರು ತಿಂಗಳ ಹಿಂದೆ ದಿಬ್ಬದ ಅಂಚಿನಲ್ಲಿ ಮೂಲಂಗಿ ಕೀಳುವಾಗ, ಒಡೆಯನನ್ನು ಎಬ್ಬಿಸಲೆಂದು ಅವನ ಕಾಲದವರು ಇಟ್ಟಿದ್ದ ಮಣ್ಣಿನ ಹುಂಜವೊಂದು ಮೇಲೆ ಬಂದಿತ್ತು. ಸಿಕ್ಕಿದ್ದನ್ನು ಪೊಲೀಸರಿಗೆ ಒಪ್ಪಿಸುವುದು ಪದ್ಧತಿ. ಯಾರೋ ಮರೆತ ಕೊಡೆಯಾದರೂ ಅಷ್ಟೆ, ಸಾವಿರದೈನೂರು ವರ್ಷದ ಹುಂಜವಾದರೂ ಅಷ್ಟೆ. ಅವರು 'ಕಳೆದ ವಸ್ತು: ಹುಂಜ, ಒಂದು' ಎಂದು ಬರೆದು, ಮಾಲೀಕರು ಬಂದು ಪಡೆಯಬಹುದೆಂದು ಪ್ರಕಟಿಸಿ, ಹುಂಜವನ್ನು ಮ್ಯೂಸಿಯಮ್ಮಿನಲ್ಲಿ ಇರಿಸಿದರು. ಇವತ್ತು ಸಂಜೆ ಐದಕ್ಕೆ ಗಡುವು. ಆಮೇಲೆ ಅದು ಸರ್ಕಾರದ್ದು.

ಒಂದನ್ನು ಮಾತ್ರ ಅಜ್ಜಿ ಒಪ್ಪಿಸಿರಲಿಲ್ಲ: ಮುರಿದು ಬಿದ್ದಿದ್ದ ಕೊಕ್ಕು. ಹುಂಜ ಹೋದರೂ ಅದರ ಕೂಗಾದರೂ ಒಡೆಯನ ಪಾಲಿಗೆ ಉಳಿಯಲಿ ಎಂದು ಬಟ್ಟೆಯಲ್ಲಿ ಸುತ್ತಿ ಎದೆಯ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಳು.

ಗಾಜಿನ ಪೆಟ್ಟಿಗೆಯೊಳಗಿನ ಮಣ್ಣಿನ ಯೋಧರಿಗೆಲ್ಲ ತಲೆಬಾಗಿ, ಅಜ್ಜಿ ಗುಮಾಸ್ತ ಇನೊಕುಮಾನ ಮೇಜಿನ ಮುಂದೆ ನಿಂತಳು.

"ಹುಂಜದ ಮಾಲೀಕರ ಪರವಾಗಿ ಬಂದಿದೀನಿ."

"ಮಾಲೀಕರೇ ಬರಬೇಕಲ್ಲ ಅಜ್ಜಿ."

"ಅವರು ಹೊರಗೆ ಓಡಾಡಲ್ಲ."

"ವಿಳಾಸ ಆದ್ರೂ ಇದೆಯಾ?"

"ನಮ್ಮನೆ ಹಿಂದೆ. ಸಾವಿರದೈನೂರು ವರ್ಷದಿಂದ ಮನೆ ಬದಲಾಯಿಸಿಲ್ಲ. ನೀನೇ ಮೂರು ಸಲ ಬದಲಾಯಿಸಿದೀಯ."

ಇನೊಕುಮಾ ನಗಲಿಲ್ಲ. ನಿಯಮದ ಪುಸ್ತಕ ತಿರುವಿದ. "ವಿಳಾಸ ಗೊತ್ತಿದ್ರೆ ಖುದ್ದಾಗಿ ಹೋಗಿ ತಿಳಿಸಬೇಕು ಅಂತಿದೆ," ಎಂದು ಟೋಪಿ ಹಾಕಿಕೊಂಡ.

ದಿಬ್ಬದ ಮುಂದೆ ಅದೇ ಟೋಪಿ ತೆಗೆದು, ತನ್ನ ಹೆಸರಿನ ಚೀಟಿಯನ್ನು ಎರಡೂ ಕೈಯಿಂದ ಬುಡದ ಕಲ್ಲಿನ ಮೇಲಿಟ್ಟು, ಪ್ರಕಟಣೆಯನ್ನು ಮೂರು ಸಲ ಗಟ್ಟಿಯಾಗಿ ಓದಿದ. ಮರದಿಂದ ಮಂಜಿನ ಹನಿ ತೊಟ್ಟಿಕ್ಕಿತು.

"ಉತ್ತರ ಇಲ್ಲ ಅಂತ ಬರ್ಕೊಳ್ತೀನಿ."

"ಮಲಗಿದಾರಪ್ಪ. ಎಬ್ಬಿಸೋ ಹುಂಜಾನ ನೀವೇ ಇಟ್ಕೊಂಡಿದೀರಲ್ಲ."

ಪೆನ್ನು ನಿಂತಿತು. "ನಿದ್ದೇಲಿರೋರಿಗೆ ಓದಿ ಹೇಳಿದ್ರೆ ತಿಳಿಸಿದ ಹಾಗಾಗಲ್ಲ," ಎಂದ ಇನೊಕುಮಾ, ಬಹಳ ಯೋಚಿಸಿ. "ಅವರು ಏಳೋ ತನಕ ಗಡುವೂ ಮುಗಿಯಲ್ಲ."

ಮ್ಯೂಸಿಯಮ್ಮಿಗೆ ಹೋದವನು ಹುಂಜದ ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಬಂದ. ಹುಂಜವನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದ. ಇಬ್ಬರೂ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕಾದರು.

"ಕೊಕ್ಕೇ ಇಲ್ಲ, ಹೆಂಗೆ ಕೂಗತ್ತೆ ಪಾಪ," ಎಂದ ಇನೊಕುಮಾ ಕೊನೆಗೆ, ದಿಬ್ಬಕ್ಕೆ ತಲೆಬಾಗಿ. "ಎರಡು ವಾರ ಇಲ್ಲಿ ಮಣ್ಣು ಜರಡಿ ಹಿಡಿದೆ ಅಜ್ಜಿ. ಸಿಗಲಿಲ್ಲ. ನಿಮ್ಮ ಒಡೆಯರಿಗೆ ಹೇಳಿ, ತಪ್ಪು ನಂದೇ ಅಂತ."

ಅಜ್ಜಿ ಹುಂಜದ ಬೋಳು ಮುಖ ನೋಡಿದಳು. ಮೂರು ತಿಂಗಳಿಂದ ಒಡೆಯನನ್ನು ಏಳದಂತೆ ಮಾಡಿದ್ದು ಮ್ಯೂಸಿಯಮ್ಮಿನವರಲ್ಲ.

ಎದೆಯ ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿ, ಕೊಕ್ಕನ್ನು ಅವನ ಅಂಗೈಯಲ್ಲಿಟ್ಟಳು. ಇನೊಕುಮಾ ಇನ್ನೊಂದು ಕೈಯನ್ನೂ ಅದರಡಿಗೆ ತಂದು ಹಿಡಿದುಕೊಂಡ.