ಜೌಗಿನಲ್ಲಿ ಇನ್ನೊಂದು ದಿನ

"ಹಿಂದೆ ಖಾಲಿ, ಸರಿ! ಎಡಗಡೆ ಖಾಲಿ, ಸರಿ!"

ಬಿಳಿ ಕೈಗವಸಿನ ತೋರುಬೆರಳು ಚಾಚಿ ತೊಶಿಹಾರು ಕೂಗಿದ್ದೇ ತಡ, ಜೊಂಡಿನ ಅಂಚಿನಲ್ಲಿದ್ದ ಬಾತುಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ಕ್ಯಾಂಪರ್ ವ್ಯಾನಿನ ಕಿಟಕಿಯಲ್ಲಿ ಬೈನಾಕ್ಯುಲರ್ ಹಿಡಿದು ಕೂತಿದ್ದ ಅವನ ಹೆಂಡತಿ ಮಿತ್ಸುಯೊ ಅದನ್ನು ಮಡಿಲಿಗಿಳಿಸಿದಳು. ಮೂವತ್ತೆಂಟು ವರ್ಷ ರೈಲು ಓಡಿಸಿದ ಗಂಡ. ಪ್ರತಿಯೊಂದನ್ನೂ ಬೆರಳು ಮಾಡಿ ತೋರಿಸಿ, ಬಾಯಿಬಿಟ್ಟು ಹೇಳದೆ ಗಾಡಿ ಹೊರಡಿಸುವುದು ಅವನಿಂದಾಗದ ಮಾತು. ಅವನಿಗೆ ನಿವೃತ್ತಿಯಾಗಿತ್ತು, ಅವನ ಗಂಟಲಿಗೆ ಆಗಿರಲಿಲ್ಲ.

ಜಪಾನಿನ ಉತ್ತರ ದ್ವೀಪದ ಕುಶಿರೊ ಜೌಗಿಗೆ ಬಂದು ಮೂರು ದಿನವಾಗಿತ್ತು. ಕೆಂಪು ನೆತ್ತಿಯ ಕ್ರೌಂಚಗಳನ್ನು ಮರಿಗಳ ಸಮೇತ ನೋಡಬೇಕೆಂಬುದು ಮಿತ್ಸುಯೊಳ ನಲವತ್ತೊಂದು ವರ್ಷದ ಆಸೆ. ಮದುವೆಯಾದ ಹೊಸತರಲ್ಲಿ ಇಲ್ಲಿಗೇ ಬಂದಿದ್ದರು. ಆಗ ಈ ಮಹಾರಾಯ ಅವಳನ್ನು ಹಳೆಯ ಉಗಿಬಂಡಿಯ ಶೆಡ್ಡಿಗೆ ಕರೆದೊಯ್ದು ಇಡೀ ದಿನ ಅಲ್ಲೇ ಕಳೆದಿದ್ದ. ಈಗ ನಾಳೆ ಸಂಜೆ ಊರಿಗೆ ಹೋಗುವ ಹಡಗು. ಬೆಳಿಗ್ಗೆ ಎದ್ದವರೇ ಬಂದರಿಗೆ ಹೊರಡಬೇಕು. ಉಳಿದದ್ದು ಇಂದಿನ ಮಧ್ಯಾಹ್ನವೊಂದೇ.

"ರೀ, ಸಂಜೆವರ್ಗೂ ನೀವು ತುಟಿ ಬಿಚ್ಬಾರ್ದು," ಎಂದಳು. "ನಿಮ್ ಗಂಟ್ಲಿಗೆ ಕ್ರೌಂಚ ಇರ್ಲಿ, ಕರಡೀನೂ ಊರು ಬಿಟ್ಟು ಹೋಗುತ್ತೆ."

ಅವನು ತಲೆಯಾಡಿಸಿ ಕೈಗವಸು ಕಳಚಿ ಜೇಬಿಗಿಟ್ಟ. ಕೊಟ್ಟ ಮಾತಿಗೆ ತಪ್ಪುವ ಪೈಕಿಯಲ್ಲ.

ಅನ್ನದುಂಡೆ ತಿಂದಾದ ಮೇಲೆ ಒಂದು ಗಳಿಗೆ ಅಡ್ಡಾಗುತ್ತೇನೆಂದು ಅವಳು ಹಾಸಿಗೆಯ ಪರದೆ ಎಳೆದುಕೊಂಡಳು. ನಿದ್ದೆ ಹತ್ತಲಿಲ್ಲ. ಅವನು ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದಾಗ, ಹೇಳಿದರೆ ಬೆನ್ನು ಹತ್ತುತ್ತಾನೆಂದು ಸದ್ದಿಲ್ಲದೆ ಇಳಿದು, ಜೌಗಿನ ಮೇಲೆ ಹಾಸಿದ ಹಲಗೆಯ ದಾರಿ ಹಿಡಿದಳು. ನೂರು ಹೆಜ್ಜೆ ಹೋಗಿದ್ದಳೋ ಇಲ್ಲವೋ, ವ್ಯಾನು ಹೊರಟಿತು. ಅವನೇ ಬರೆದು ಅಂಟಿಸಿದ ವೇಳಾಪಟ್ಟಿಯ ಪ್ರಕಾರ ಒಂದೂವರೆಗೆ ಮುಂದಿನ ತಾಣ. ಮಲಗಿದ ಹೆಂಡತಿಗೆ ಎಚ್ಚರವಾಗಬಾರದೆಂದು ಎಷ್ಟು ನಾಜೂಕಾಗಿ ಓಡಿಸುತ್ತಿದ್ದನೆಂದರೆ, ನೋಡಿ ಅವಳಿಗೆ ನಗು ಬಂತು. ಬೇರೆ ದಿನವಾಗಿದ್ದರೆ ಪರದೆ ಸರಿಸಿ, "ಮಿತ್ಸುಯೊ ಒಳಗಿದ್ದಾಳೆ, ಸರಿ!" ಎಂದು ಕೂಗದೆ ಹೊರಡುತ್ತಲೇ ಇರಲಿಲ್ಲ. ಬಾಯಿ ಕಟ್ಟಿಹಾಕಿದವಳು ತಾನೇ. ಅವಳ ಫೋನು ವ್ಯಾನಿನಲ್ಲೇ, ದಿಂಬಿನ ಪಕ್ಕದಲ್ಲಿತ್ತು.

ಹೇಗೂ ಬಂದೇ ಬರುತ್ತಾನೆಂದು ಬೆಂಚಿನ ಮೇಲೆ ಕೂತಳು. ಗಾಳಿಯೂ ಇರಲಿಲ್ಲ. ಅರ್ಧ ಗಂಟೆಯಾಗಿರಬೇಕು, ಜೊಂಡು ಸರಿಸಿಕೊಂಡು ಕ್ರೌಂಚವೊಂದು ಹೊರಬಂತು. ಹಿಂದೆ ಇನ್ನೊಂದು. ಅವೆರಡರ ನಡುವೆ ಕಂದುಬಣ್ಣದ ಎರಡು ಮರಿಗಳು, ಕೆಸರಲ್ಲಿ ಎಡವಿ ಬೀಳುತ್ತ ಏಳುತ್ತ. ತಾಯಿ ಹುಳುವೊಂದನ್ನು ಹೆಕ್ಕಿ ಕೊಟ್ಟಾಗ ಎರಡೂ ಒಟ್ಟಿಗೆ ಕೊಕ್ಕು ಹಾಕಿ ಜಗ್ಗಾಡಿದವು.

"ರೀ, ಅಲ್ನೋಡಿ," ಎಂದು ಪಿಸುಗುಟ್ಟುತ್ತ ಅವಳು ಪಕ್ಕಕ್ಕೆ ತಿರುಗಿದಳು. ಬೆಂಚು ಖಾಲಿಯಿತ್ತು. ಅವಳ ಸಂತೋಷ ಅರ್ಧಕ್ಕೇ ನಿಂತುಬಿಟ್ಟಿತು. ಇಷ್ಟು ವರ್ಷ ಕಾದದ್ದು ಕಣ್ಣೆದುರಿಗಿತ್ತು, ಆದರೆ ಅವನಿಲ್ಲದೆ ಅದು ಸಪ್ಪೆಯೆನಿಸಿತು. ತನಗೇ ಆಶ್ಚರ್ಯವಾಯಿತು.

ಹಕ್ಕಿಗಳು ಜೊಂಡಿನೊಳಗೆ ಮರೆಯಾದ ಸ್ವಲ್ಪ ಹೊತ್ತಿಗೆ ತೊಶಿಹಾರು ಹಲಗೆಯ ಮೇಲೆ ತುದಿಗಾಲಲ್ಲಿ ಓಡಿಬಂದ. ಎರಡೂ ಕೈಯಲ್ಲಿ ಐಸ್‌ಕ್ರೀಮು ಕರಗಿ ಮೊಣಕೈವರೆಗೆ ಇಳಿದಿತ್ತು. ಕೊಂಡು ತಂದು ಪರದೆ ಸರಿಸಿದಾಗಲೇ ಅವಳು ಒಳಗಿಲ್ಲವೆಂದು ಗೊತ್ತಾಗಿರಬೇಕು. ಸೊಂಟ ಬಗ್ಗಿಸಿ ಒಮ್ಮೆ, ಮತ್ತೊಮ್ಮೆ ನಮಸ್ಕರಿಸಿದ. ಬಾಯಿ ಮಾತ್ರ ಬಿಚ್ಚಲಿಲ್ಲ. ಸಂಜೆಯಾಗಿರಲಿಲ್ಲವಲ್ಲ.

"ಮಾತಾಡಿ, ಪರವಾಗಿಲ್ಲ," ಎಂದಳು ಮಿತ್ಸುಯೊ.

"ಕಂಡ್ವೇನೇ?" ಎಂದ, ಉಸಿರಿಗಿಂತ ಮೆಲ್ಲಗೆ.

ಅವಳು ಆ ಮುಖವನ್ನೇ ನೋಡಿದಳು.

"ಎಲ್ಲಿ ಕಂಡ್ವು? ಒಂದು ಕಪ್ಪೇನೂ ಕಾಣ್ಲಿಲ್ಲ."

ಮದುವೆಯಾದ ಮೇಲೆ ಅವಳು ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಇದೇ ಮೊದಲು. ಅವನು ಐಸ್‌ಕ್ರೀಮು ಎರಡನ್ನೂ ಅವಳ ಕೈಗೆ ಕೊಟ್ಟ. ಆಮೇಲೆ ಅಂಟು ಕೈ ಅಂಗಿಗೆ ಒರೆಸಿಕೊಂಡು ಫೋನು ತೆಗೆದು ಹಡಗಿನ ಕಚೇರಿಗೆ ಕರೆಮಾಡಿದ. ನೌಕರಿಯುದ್ದಕ್ಕೂ ಒಂದು ನಿಮಿಷ ತಡಮಾಡದ ಮನುಷ್ಯ, ನಮ್ಮ ಟಿಕೀಟನ್ನು ಒಂದು ದಿನ ಮುಂದೆ ಹಾಕಬಹುದೇ, ದಯವಿಟ್ಟು ಕ್ಷಮಿಸಬೇಕು ಎಂದು ಕಾಣದ ಗುಮಾಸ್ತನಿಗೆ ಬಗ್ಗಿ ಬಗ್ಗಿ ಕೇಳುತ್ತಿದ್ದ. ಮಿತ್ಸುಯೊ ಕರಗಿದ ಐಸ್‌ಕ್ರೀಮು ನೆಕ್ಕುತ್ತ ಅವನ ಬೆನ್ನಾಚೆ ನೋಡಿದಳು. ಅಲ್ಲಿ ಗಾಳಿಯಿಲ್ಲದೆಯೂ ಜೊಂಡು ಸಣ್ಣಗೆ ಅಲುಗುತ್ತಿತ್ತು.