ಮೀಟರಿಗೆ ಬಂದ ಜ್ವರ

“ಏ ಬೋಸುಡಿ, ಇದೇನ್ ನಿಮ್ಮಪ್ಪನ ಮನಿಯೇನ? ಬಾ ಹೊರಗ! ನಿಮ್ಮ ಕೇರಿ ಮೈ ತಾಗಿದ ಹಣ್ಣು ದುಬೈದಾಗ ಯಾವನು ತಿಂತಾನ?”

ಕೋಲ್ಡ್ ರೂಮಿನ ಬಾಗಿಲಲ್ಲಿ ದೊಡ್ಡಬಸವರಾಜ ಸಾವುಕಾರ ನಿಂತಿದ್ದ. ಏಳು ತಿಂಗಳ ಬಸುರಿ ಸರೋಜಾ ತಗಡಿನ ಶೆಡ್ಡಿನಲ್ಲಿ ಕಣ್ಣು ಮೇಲೆ ಮಾಡಿ ಬಿದ್ದಿದ್ದಳು. ಒಂದು ಗಳಿಗೆ ತಂಪಿನಲ್ಲಿ ಕೂರಿಸೋಣವೆಂದು ಜೊತೆಗೆ ಹಣ್ಣು ಪ್ಯಾಕ್ ಮಾಡುವ ಉಚ್ಚೆಂಗೆಮ್ಮ ಒಳಗೆ ಕರೆತಂದದ್ದೇ ತಪ್ಪಾಗಿತ್ತು.

“ಶೆಡ್ಡಿನಾಗ ನಲವತ್ಮೂರು ಡಿಗ್ರಿ ಐತ್ರಿ ಸಾವ್ಕಾರ್ರ. ಒಂದು ಫ್ಯಾನರ ಹಾಕಿಸ್ರಿ.”

“ನೀ ಅಳೆದಿಯೇನ? ಮೀಟರ್ ಹೇಳಿದ್ರ ನಂಬ್ತೀನಿ. ನಿನ್ನ ಬಾಯಿ ಯಾವನು ನಂಬ್ತಾನ?”

ಹಾಗಂದು ಅವನು ಊಟಕ್ಕೆ ಬಳ್ಳಾರಿಗೆ ಹೋದ.

ಕುರುಗೋಡಿನ ಅಂಜೂರ ಲಾರಿಯಲ್ಲಿ ಹೈದರಾಬಾದಿಗೆ, ಅಲ್ಲಿಂದ ವಿಮಾನದಲ್ಲಿ ದುಬೈಗೆ. ಪ್ರತಿ ಪೆಟ್ಟಿಗೆಗೂ ಥರ್ಮಾಮೀಟರ್ ಚಿತ್ರದ ಚೀಟಿ: ಎರಡರಿಂದ ಎಂಟು ಡಿಗ್ರಿ. ಕೊನೆಯ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು, ಅಂಕಿ ತೋರಿಸುವ ಮೀಟರ್. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳುತ್ತದೆ. ದುಬೈಯವರು ಅದನ್ನು ಓದಿಯೇ ಹಣ್ಣು ಇಳಿಸಿಕೊಳ್ಳುವುದು. ಸಾವುಕಾರನ ಕೈಚಳಕ ಬೇರೆ. ಪ್ಯಾಕಿಂಗ್ ಮುಗಿಯುವ ತನಕ ಹಣ್ಣು ಶೆಡ್ಡಿನಲ್ಲಿ ಬೆವರುತ್ತದೆ, ಮೀಟರ್ ಮಾತ್ರ ಕೋಲ್ಡ್ ರೂಮಿನಲ್ಲಿ ತಣ್ಣಗೆ ಕೂತಿರುತ್ತದೆ.

ಉಚ್ಚೆಂಗೆಮ್ಮ ಮತ್ತೆ ಒಳಗೆ ಹೋದಳು. ಮೀಟರನ್ನು ಎತ್ತಿ, ಸೊಂಟದ ಎಲೆಯಡಿಕೆ ಚೀಲಕ್ಕೆ ತುರುಕಿಕೊಂಡು ಬಂದಳು.

“ನಾಕಿತ್ತು, ಈಗ ಹತ್ತೊಂಬತ್ತು ನೋಡ್ರೇ!”

“ನನಗ ಕೊಡಬೇ,” ಎಂದು ಪಕ್ಕದ ಬುಟ್ಟಿಯ ಪಾರಮ್ಮ ಕಸಿದು ಕಂಕುಳಲ್ಲಿ ಇಟ್ಟುಕೊಂಡಳು. “ಡಾಕ್ಟ್ರು ಹಿಂಗ ಇಡ್ತಾರ. ಎಪ್ಪಾ, ಮೂವತ್ತಾರು! ಇದಕ್ಕ ಜ್ವರ ಬಂತಲ್ಲೇ!”

ಮಡಿಲಿಂದ ಮಡಿಲಿಗೆ ಕೂಸಿನಂತೆ ದಾಟಿತು ಮೀಟರ್. ಚೇತರಿಸಿಕೊಂಡು ಗೋಡೆಗೊರಗಿದ್ದ ಸರೋಜಾ ಅದನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿಂದ ಒದೆ ಬಿತ್ತು, ಮೀಟರ್ ಕುಣಿಯಿತು.

“ಇದನ್ನೂ ಬರ್ಕೊಂತೈತೇನಕ್ಕ?”

ನಕ್ಕು ನಕ್ಕು ಹೆಂಗಸರಿಗೆ ಉಸಿರು ಸಿಗಲಿಲ್ಲ. ಕೊನೆಗೆ ಅದನ್ನು ಶೆಡ್ಡಿನ ನಡುವೆ, ಅಂಜೂರದ ಬುಟ್ಟಿಯ ಮೇಲೆ ಇಟ್ಟರು. ಗಂಟೆಗಟ್ಟಲೆ ಅಲ್ಲೇ ಇತ್ತು. ನಲವತ್ಮೂರು. ಮಿತಿ ಮೀರಿತೆಂದು ಕೆಂಪು ದೀಪ ಮಿಣುಕತೊಡಗಿತು. ಒಮ್ಮೆ ಹತ್ತಿದರೆ ಅದು ಆರುವುದಿಲ್ಲ.

ಪಾರಮ್ಮನ ನಗು ತಟ್ಟನೆ ನಿಂತಿತು. “ಮಾಲು ವಾಪಸ್ ಬಂದ್ರ ನಮ್ಮ ಕೆಲಸಾನೂ ಹೋಕ್ಕೈತಲ್ಲಬೇ.”

ಉಚ್ಚೆಂಗೆಮ್ಮ ಸರೋಜಾಳ ಒಣಗಿದ ತುಟಿ ನೋಡಿದಳು. ಮೀಟರನ್ನು ಕೊನೆಯ ಪೆಟ್ಟಿಗೆಯ ಹಣ್ಣಿನ ನಡುವೆ ಹೂತು, ಟೇಪು ಎಳೆದಳು.

ನಾಲ್ಕು ಗಂಟೆಗೆ ಸಾವುಕಾರ ಹಲ್ಲು ಚುಚ್ಚುತ್ತ ಬಂದ. “ಮೀಟರ್ ಇಟ್ಟಿಯೇನ?”

“ಇಟ್ಟೀನ್ರಿ.”

ಕೊನೆಯ ಚೀಟಿಯನ್ನು ಅವನೇ ಅಂಟಿಸಿ, ಅಂಗೈಯಿಂದ ತಟ್ಟಿದ. ಎರಡರಿಂದ ಎಂಟು. ಸರೋಜಾ ಸೆರಗು ಬಾಯಿಗೆ ತುರುಕಿಕೊಂಡಳು, ತಡೆಯಲಾಗಲಿಲ್ಲ, ಕಿಸಕ್ಕೆಂದಳು. ಸಾಲಿಗೆ ಸಾಲೇ ಸ್ಫೋಟಿಸಿತು.

“ಯಾಕ್ರಲೇ ನಗ್ತೀರಿ, ರಂಡ್ಯಾರ?”

“ಸೆಕಿಗ್ರಿ ಸಾವ್ಕಾರ್ರ,” ಎಂದಳು ಉಚ್ಚೆಂಗೆಮ್ಮ.

ಲಾರಿ ಹೊರಟಿತು.